ಹಿಂದಿನ ಗಾಲಿಯ ಹವಾ

ಸಿಟ್ಟು ನನ್ನ ಮೂಗಿನ ತುದಿ ಮ್ಯಾಲೇ ಇರತದ. ಇದನ್ನ ಮೊದಲಿಗೇ ಹೇಳಿಬಿಡೋದು ಛಲೋ, ಯಾಕಂದ್ರ ಮುಂದ ಹೇಳೋದೆಲ್ಲಾ ಆ ಸಿಟ್ಟಿನಿಂದನೇ ಆದದ್ದು. ಇನ್ನೊಂದು ಮಾತು. ನಾನು ಕಮಲಾಪುರದ ಹೈಸ್ಕೂಲಿನಾಗ ವಿಜ್ಞಾನ ಕಲಸಾಕಿ. ಹವಾ ಬಿಸಿ ಆದ್ರ ಉಬ್ಬತದ, ತಣ್ಣಗಾದ್ರ ಕುಗ್ಗತದ ಅಂತ ವರ್ಷಾ ವರ್ಷಾ ಬೋರ್ಡಿನ ಮ್ಯಾಲ ಬರದು ತೋರಿಸೀನಿ. ಅಂಥಾಕಿ ನಾ ಒಂದು ಟೈರಿನ ಹವಾದಾಗ ಮುಗ್ಗರಿಸಿ ಬಿದ್ದೆ.

ಮನಿ ಕಲಬುರಗಿಯೊಳಗ, ಕೋಟೆ ಹಿಂದಿನ ಓಣ್ಯಾಗ. ಶಾಲಿಗಿ ಹೋಗಿ ಬರಾಕ ದಿನಾ ಎಪ್ಪತ್ತು ಕಿಲೋಮೀಟರ್ ಮೋಟರ್ ಸೈಕಲ್ ಓಡಸ್ತೀನಿ. ಸ್ಕೂಟಿ ಅಲ್ಲ, ಗೇರಿನ ಗಾಡಿ. ತಗೊಂಡ ಹೊಸತರಾಗ ಓಣಿ ಮಂದಿ ಹಲ್ಲು ಕಿಸದ್ರು. ಹೆಣ್ಮಗಳು ಕಾಲು ಆ ಕಡಿ ಹಾಕಿ ಕೂಡ್ತಾಳ ಅಂತ ನಮ್ಮ ಸೋದರಮಾವನೇ ಮುಖಾ ತಿರುವಿದ. ನಾ ಕೇಳಲಿಲ್ಲ. ಇಷ್ಟು ದೂರದ ದಾರಿಗೆ ದೊಡ್ಡ ಗಾಲಿನೇ ಬೇಕು, ಸಣ್ಣ ಗಾಲಿ ತೆಗ್ಗಿನಾಗ ಬಿದ್ರ ಸೊಂಟಾ ಉಳಿಯೂದಿಲ್ಲ ಅಂತ ನನ್ನ ಲೆಕ್ಕ. ಅವ್ವ ಮಾತ್ರ ಅಡ್ಡ ಬರಲಿಲ್ಲ. ಗಾಡಿ ಮನಿಗೆ ಬಂದ ದಿನ ಸೀಟಿನ ಮ್ಯಾಲ ಕೈ ಆಡಿಸಿ, ಇದರಾಗ ಇಬ್ಬರು ಆರಾಮ ಕೂಡಬಹುದು ಅಂದ್ಳು. ಅಷ್ಟೇ.

ಅವ್ವ ಪ್ರತಿ ಶನಿವಾರ ನನ್ನ ಹಿಂದ ಕಮಲಾಪುರಕ್ಕ ಬರ್ತಿದ್ಳು. ಅಲ್ಲಿ ನಮ್ಮ ಚಿಗವ್ವ ಇರ್ತಾಳ, ಅವ್ವನ ತಂಗಿ. ಲಕ್ವಾ ಹೊಡದು ಎಡಗಡಿ ಮೈ ಸ್ವಾಧೀನ ಇಲ್ಲ. ಮಗ ಸೊಸಿ ನೋಡ್ಕೋತಾರ, ಖರೆ, ಆದ್ರ ಶನಿವಾರದ ತಲಿಸ್ನಾನ ಮಾತ್ರ ಅಕ್ಕನ ಕೈಯಿಂದನೇ ಆಗಬೇಕು. ಮಗಳಂಗ ಹಟಾ ಮಾಡ್ತಾಳ. ಅವ್ವ ಆಕಿಗೆ ಎಣ್ಣಿ ಹಚ್ಚಿ, ನೀರು ಹಾಕಿ, ಕೂದಲಾ ಒಣಗಿಸಿ ಹೆಳಲು ಹಾಕೂದ್ರೊಳಗ ನನ್ನ ಅರ್ಧ ದಿನದ ಶಾಲಿ ಮುಗೀತಿತ್ತು. ನಾ ಹೋಗಿ ಅವ್ವನ್ನ ಕೂಡಿಸಿಕೊಂಡು ಊರಿಗೆ ಬರ್ತಿದ್ದೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮ್ಯಾಲೂ ಅವ್ವ ಬಸ್ಸಿಗೆ ಹೋಗಲಿಲ್ಲ. ಬಸ್ಸಿನಾಗ ನಿಂತು ಹೋಗಬೇಕು, ಇಳದು ನಡೀಬೇಕು, ಗಾಡಿ ಆದ್ರ ತಂಗಿ ಬಾಗಲಾ ಮುಂದೇ ಇಳಸ್ತದ ಅಂತಿದ್ಳು. ನನಗ ಆ ಮಾತು ಕೇಳಿದ್ರ ಎದಿ ಉಬ್ಬತಿತ್ತು.

ಹವಾ ಹಾಕಸಾಕ, ದರ್ಗಾ ಇರೋ ರೋಜಾ ಓಣಿಗೆ ಹೋಗೋ ದಾರ್ಯಾಗ ಒಬ್ಬ ಚಾಚಾನ ಅಂಗಡಿ ಇತ್ತು, ಈಗೂ ಅದ. ಅಂಗಡಿ ಅಂದ್ರ ಬೇವಿನ ಗಿಡದ ಕೆಳಗ ಒಂದು ತಗಡಿನ ಡಬ್ಬಿ, ಒಂದು ಹವಾ ಮಶೀನು, ಪಂಚರ್ ನೋಡಾಕ ಒಂದು ನೀರಿನ ಬುಟ್ಟಿ. ಬಾಜೂಕ ಚಾದ ಹೋಟೆಲ್. ಚಾಚಾ ಬೆಳಗಿನ ನಮಾಜ್ ಮುಗಿಸಿ ಬಂದು ಅಂಗಡಿ ತಗೀತಿದ್ದ, ಹಿಂಗಾಗಿ ಶನಿವಾರ ಮುಂಜಾನಿ ಆರೂವರಿಗೆ ನಾವೇ ಬೋಣಿಗಿ. ಆತನ ಹಂತ್ಯಾಕ ಹವಾ ಅಳತಿ ಮಾಡೋ ಗೇಜ್ ಇತ್ತು, ಆದ್ರ ಅದರ ಗಾಜು ಒಡದು ಮುಳ್ಳು ಎಲ್ಲೋ ಸಿಕ್ಕೊಂಡಿತ್ತು. ಆತ ಹೆಬ್ಬಟ್ಟಿನಿಂದ ಟೈರ್ ಒತ್ತಿ, ಗಾಡಿ ನೋಡಿ, ಕೂತವರನ್ನ ನೋಡಿ ಹವಾ ಹಾಕಾಂವ. ಅವ್ವ ಹಿಂದ ಇಳದು ನಿಂತಿರ್ತಿದ್ಳಲ್ಲ, ಆಕಿನ್ನ ಒಂದು ಸರ್ತಿ ನೋಡಾಂವ, ಹಿಂದಿನ ಗಾಲಿಗೆ ಇನ್ನೂ ನಾಕು ಸರ್ತಿ ಮಶೀನ್ ಒತ್ತಾಂವ. ಗಾಲಿ ಕಲ್ಲಾಗತಿತ್ತು. ನನಗ ಅದನ್ನ ನೋಡಿದ್ರ ಮೈ ಉರೀತಿತ್ತು.

ಯಾಕಂದ್ರ ನಮ್ಮ ಕಡೆ ಬ್ಯಾಸಗ್ಯಾಗ ಟೈರಿಗೆ ಹವಾ ಕಮ್ಮಿ ಇಡೋ ರೂಢಿ ಅದ. ಶಿವರಾತ್ರಿ ಮುಗೀತು ಅಂದ್ರ ಸಾಕು, ಕಲಬುರಗಿ ಗಂಡಸರು ತಮ್ಮ ತಮ್ಮ ಗಾಡಿ ಮುಂದ ಕುಕ್ಕರಗಾಲಲೆ ಕೂತು ಫುಸ್ ಫುಸ್ ಅಂತ ಹವಾ ಬಿಡ್ತಾರ. ಈ ಬಿಸಲಿಗೆ ಒಳಗಿನ ಹವಾ ಉಬ್ಬತದ, ಟೈರ್ ಫಟ್ ಅಂತದ, ಸ್ವಲ್ಪ ಸಡ್ಲ ಇದ್ರ ಭಯ ಇಲ್ಲ ಅನ್ನೋದು ಎಲ್ಲರ ನಂಬಿಕಿ. ನಾ ನಂಬಿಕಿ ಮ್ಯಾಲ ನಡಿಯಾಕಿ ಅಲ್ಲ. ನನ್ನ ಹಂತ್ಯಾಕ ಸೈನ್ಸ್ ಇತ್ತು. ಬಾಜಾರಿನಿಂದ ಪೆನ್ನಿನಂಥಾ ಒಂದು ಗೇಜ್ ತಂದೆ. ಚೈನಿನ ಡಬ್ಬಿ ಮ್ಯಾಲ ಕಂಪನಿಯವರು ಅಂಟಿಸಿದ ಚೀಟಿ ಇತ್ತು, ಅದರಾಗ ಮುಂದಿನ ಗಾಲಿ ಇಪ್ಪತ್ತೈದು, ಹಿಂದಿನ ಗಾಲಿ ಇಪ್ಪತ್ತೆಂಟು ಅಂತ ಓದಿದೆ. ಚೀಟಿ ಕೆಳಗಿನ ಅರ್ಧ ಸೀರಿ ಸಿಗಬಾರದು ಅಂತ ಹಾಕಿರೋ ಕಬ್ಬಿಣದ ಜಾಳಿಗಿ ಹಿಂದ ಮುಚ್ಚಿತ್ತು, ಮಣ್ಣೂ ಮೆತ್ತಿತ್ತು. ಮ್ಯಾಲಿಂದು ಕಂಡ್ತಲ್ಲ, ಸಾಕು ಅಂದುಕೊಂಡೆ.

ದಿನಾ ಮಧ್ಯಾಹ್ನ ಊಟದ ಸೂಟಿಯಾಗ ಶಾಲಿ ಅಂಗಳಕ್ಕ ಹೋಗಿ ಗೇಜ್ ಹಚ್ಚೋದು ನನ್ನ ನೇಮ ಆತು. ಅಂಗಳದಾಗ ಇರೋದು ಒಂದೇ ಗಿಡ, ಅದರ ನೆರಳು ಹೆಡ್ ಮಾಸ್ತರ್ ಕಾರಿಗೆ. ನಮ್ಮ ಗಾಡಿ ಎಲ್ಲಾ ಬಿಸಲಾಗ. ಟೈರ್ ಮುಟ್ಟಿದ್ರ ಬೊಬ್ಬಿ ಬರಬೇಕು, ಹಂಗ ಕಾದಿರ್ತಿತ್ತು. ಗೇಜ್ ಮೂವತ್ತೆರಡು ತೋರಿಸಿದ್ರ ನಾಕು ಬಿಡ್ತಿದ್ದೆ, ಮೂವತ್ತು ತೋರಿಸಿದ್ರ ಎರಡು. ಬರೋಬ್ಬರಿ ಇಪ್ಪತ್ತೆಂಟಕ್ಕ ತಂದು ಒಂದು ನೋಟ್‌ಬುಕ್ಕಿನಾಗ ಬರದಿಡ್ತಿದ್ದೆ. ಶನಿವಾರ ಅಂತೂ ಚಾಚಾ ಹಾಕಿದ ಹವಾ ಗೇಜಿನ ಆ ತುದಿಗೆ ಹೋಗಿ ನಿಲ್ಲತಿತ್ತು. ಈ ಮುದುಕ ಒಂದಿನ ನಮ್ಮನ್ನ ಕೊಲ್ಲತಾನ ಅಂತ ಬೈಕೋತ, ಅದನ್ನೂ ಇಪ್ಪತ್ತೆಂಟಕ್ಕ ಇಳಿಸಿ, ಆಮ್ಯಾಲ ಅವ್ವನ್ನ ಕರಕೊಂಡು ಬರಾಕ ಹೋಗ್ತಿದ್ದೆ. ನನ್ನ ನೋಡಿ ಸ್ಟಾಫಿನವರೂ ಕಲತ್ರು. ಡ್ರಿಲ್ ಮಾಸ್ತರ್, ಕನ್ನಡ ಮಾಸ್ತರ್ ಎಲ್ಲರೂ ಗಾಡಿ ಸಾಲಾಗಿ ನಿಲ್ಲಿಸಿ, ಮೇಡಮ್ ನಮ್ಮದೂ ನೋಡ್ರಿ ಅನ್ನವರು. ನಾ ಡಾಕ್ಟರಂಗ ಒಂದೊಂದೇ ಗಾಡಿ ನೋಡಿ ಹವಾ ಬಿಡ್ತಿದ್ದೆ.

ಅಂಥಾ ಒಂದು ಶನಿವಾರ ಬಿದ್ವಿ. ಮಹಾಗಾಂವ್ ಕ್ರಾಸ್ ದಾಟಿ ಊರ ಕಡೆ ಹೊಂಟಿದ್ವಿ, ಮಟಮಟ ಮಧ್ಯಾಹ್ನ. ಅವ್ವನ ತೊಡಿ ಮ್ಯಾಲ ಚಿಗವ್ವನ ಮನ್ಯಾಗ ಕೊಟ್ಟ ಕೆಂಪು ಬಾಳಿಹಣ್ಣಿನ ಚೀಲ. ಸ್ವಲ್ಪ ಹೊತ್ತಿನಿಂದ ಗಾಡಿ ಹಿಂದಿನಿಂದ ಓಲಾಡಿದಂಗ ಅನಸಾಕತ್ತಿತ್ತು. ಗಾಳಿ ಇರಬೇಕು ಅಂದುಕೊಂಡೆ. ಅಷ್ಟರಾಗ ಕೆಳಗ ಟಪ್ ಅಂತು, ಹಿಂದಿನ ಗಾಲಿ ಒಮ್ಮಿಗೇ ಕೂತು ಗಾಡಿ ಅಡ್ಡ ತಿರುಗಿತು. ನಾ ಹ್ಯಾಂಡಲ್ ಹಿಡಕೊಂಡೇ ರಸ್ತಿ ಬಾಜೂದ ಮಣ್ಣಾಗ ಬಿದ್ದೆ, ನನಗ ಮೊಣಕಾಲು ತರಚಿತು ಅಷ್ಟೇ. ಅವ್ವ ಎಡಗೈ ಊರಿ ಬಿದ್ಳು. ಬಾಳಿತೋಟದಾಗ ಕೆಲಸಾ ಮಾಡೋ ಮಂದಿ ಓಡಿ ಬಂದು ಎಬ್ಬಿಸಿದಾಗ ಆಕಿ ಮಣಿಕಟ್ಟು ಸೊಟ್ಟಾಗಿತ್ತು. ನಿನಗ ಏನರ ಆತೇನು ಅಂತ ನನ್ನೇ ಕೇಳಾಕತ್ತಿದ್ಳು.

ಒಂದು ಟೆಂಪೋದವರು ನಮ್ಮನ್ನೂ ಗಾಡಿನೂ ಊರಿಗೆ ತಂದ್ರು. ಗಾಡಿ ಚಾಚಾನ ಅಂಗಡಿ ಮುಂದ ಇಳಿಸಿ, ನಾವು ದವಾಖಾನಿಗೆ ಹೋದ್ವಿ. ಎಲುಬು ಮುರದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಆಟೋದಾಗ ಮನಿಗೆ ಹೊಂಟಾಗ ಸಂಜಿ ಆಗಿತ್ತು. ಅಂಗಡಿ ಮುಂದ ಆಟೋ ನಿಲ್ಲಿಸು ಅಂದೆ. ಅವ್ವ ಈಗ ಬ್ಯಾಡ ಅಂದ್ಳು. ನಾ ಅದಕ್ಕೂ ಕಿವಿ ಕೊಡಲಿಲ್ಲ.

ಚಾಚಾ ಅಷ್ಟೊತ್ತಿಗೆ ಗಾಲಿ ಬಿಚ್ಚಿ ಟ್ಯೂಬ್ ಹೊರಗ ತಗದಿದ್ದ. ಹವಾ ಹಾಕೋ ವಾಲ್ ಬುಡದಾಗೇ ಹರದಿತ್ತು. ಆತ ಅವ್ವನ ಕೈ ನೋಡಿ ಯಾ ಅಲ್ಲಾ ಅಂದ, ಆಮ್ಯಾಲ ನನಗ ಟ್ಯೂಬ್ ತೋರಿಸಿ ಸಮಾಧಾನಲೆ ಹೇಳಾಕತ್ತಿದ. ಹವಾ ಕಮ್ಮಿ ಇದ್ರ ಟೈರ್ ರಿಮ್ಮಿನ ಮ್ಯಾಲ ಜಾರತದಂತ, ಟ್ಯೂಬನ್ನ ಎಳಕೊಂಡು ಹೋಗತದಂತ, ವಾಲ್ ಓರಿ ಆಗಿ ಹರೀತದಂತ. ಇಬ್ಬರು ಕೂತಾಗ ಹಿಂದ ಜಾಸ್ತಿ ಬೇಕು, ನಾ ಅಂತೂ ಹಾಕಿದ್ದೆ, ಬಾಯೀ, ಅದು ಎಲ್ಲಿ ಹೋತು ಅಂದ. ನನ್ನ ನೆತ್ತಿಗೇರಿತು. ನೋಟ್‌ಬುಕ್ ಚೀಲದಿಂದ ತಗದು ಆತನ ಮಾರಿ ಮುಂದ ಹಿಡದೆ. ದಿನಾ ಗೇಜ್ ಹಚ್ಚಿ ನೋಡಾಕಿ ನಾನು, ಒಡದ ಗೇಜ್ ಇಟ್ಟುಕೊಂಡು ಹೆಬ್ಬಟ್ಟಿನಿಂದ ಹವಾ ಹಾಕಾಂವ ನೀನು, ಮ್ಯಾಲ ನನಗ ಹವಾ ಕಲಸ್ತೀ ಏನು ಅಂತ ಏಕವಚನದಾಗ ಒದರಿದೆ. ಖೊಟ್ಟಿ ಟ್ಯೂಬ್ ಹಾಕಿ ನಮ್ಮವ್ವನ ಕೈ ಮುರದಿ ಅಂದೆ. ಹೋಟೆಲಿನಾಗ ಚಾ ಕುಡಿಯವರು ಕಪ್ಪು ಕೈಯಾಗ ಹಿಡದು ಎದ್ದು ನಿಂತು ನೋಡಿದ್ರು. ದರ್ಗಾಕ್ಕ ಹೊಂಟವರು ನಿಂತ್ರು. ಚಾಚಾ ತಲಿ ಬಗ್ಗಿಸಿ ಕೈ ಒರಸಿಕೋತ ನಿಂತಿದ್ದ. ಬಗ್ಗಿದ ತಲಿ ನೋಡಿ ತಪ್ಪು ಆತನದೇ ಅಂತ ನಾ ಗಟ್ಟಿ ಮಾಡಿಕೊಂಡೆ.

ಆಟೋದಾಗ ಮನಿತನಕ ಅವ್ವ ಮಾರಿ ಹೊರಗ ಮಾಡಿ ಕೂತಿದ್ಳು. ನೋವಿಗೆ ಹಂಗ ಕೂತಾಳ ಅಂದುಕೊಂಡೆ.

ಮುಂದಿನ ಶನಿವಾರ ಮುಂಜಾನಿ ಅವ್ವ ಪ್ಲಾಸ್ಟರಿನ ಕೈ ಸೆರಗಿನಾಗ ಕಟ್ಟಿಕೊಂಡು, ನಾ ಬಸ್ಸಿಗೆ ಹೋಗ್ತೀನಿ ಅಂತ ಎದ್ದು ನಿಂತ್ಳು. ನಾನೂ ಆ ವಾರ ಬಸ್ಸಿಗೇ ಹೋಗ್ತಿದ್ದೆ, ಹಂಗಾಗಿ ಜೋಡಿ ಹೋದ್ವಿ. ಸೀಟು ಸಿಗಲಿಲ್ಲ. ಒಂದೇ ಕೈಲೆ ಮ್ಯಾಲಿನ ಸರಳು ಹಿಡದು ಒಂದು ತಾಸು ನಿಂತ್ಳು, ಯಾರೋ ನೂಕಿದಾಗೆಲ್ಲಾ ಪ್ಲಾಸ್ಟರ್ ಎದಿಗೆ ಒತ್ತಿಕೊಳ್ಳತಿದ್ಳು. ಚಿಗವ್ವಗ ಒಂದೇ ಕೈಲೆ ಎಣ್ಣಿ ಹಚ್ಚಿದ್ಳು, ಹೆಳಲು ಹಾಕಾಕ ಬರಲಿಲ್ಲ, ಸುಮ್ಮ ಗಂಟು ಕಟ್ಟಿದ್ಳು. ಅವತ್ತು ನಾ ನಿಶ್ಚಯ ಮಾಡಿದೆ. ಗಾಡಿ ಹೊಸದಂಗ ಮಾಡಿ, ಭಯ ಅನ್ನೋದು ಬರದಂಗ ಮಾಡಿ, ಅವ್ವನ್ನ ಮತ್ತ ನನ್ನ ಹಿಂದ ಕೂಡಸಬೇಕು. ಆಕಿ ಹೆದರ್‍ಯಾಳ ಅನ್ನೋದರಾಗ ನನಗ ಸಂಶಯನೇ ಇರಲಿಲ್ಲ.

ಚಾಚಾನ ಅಂಗಡಿಯಿಂದ ಗಾಡಿ ಟೆಂಪೋದಾಗ ಮನಿಗೆ ತರಿಸಿ ಇಟ್ಟಿದ್ದೆ. ಬಸ್ ಸ್ಟ್ಯಾಂಡ್ ಕಡೆ ಇರೋ ದೊಡ್ಡ ಟೈರ್ ಅಂಗಡಿಗೆ ಹಳೇ ಗಾಲಿ ಆಟೋದಾಗ ಹಾಕಿಕೊಂಡು ಹೋದೆ. ಅಂಗಡಿಯಾಂವ ಹಳೇ ಟೈರ್ ತಿರುವಿ ನೋಡಿ, ನಡುವಿನ ಗೆರಿ ಹಂಗೇ ಅದಾವ, ಎರಡೂ ಅಂಚು ಮಾತ್ರ ಸವದು ನುಣ್ಣಗ ಆಗ್ಯಾವಲ್ರಿ ಅಂದ. ಟೈರೇ ಖೊಟ್ಟಿ ಇತ್ತು ಬಿಡ್ರಿ ಅಂದೆ. ಆತ ನನ್ನ ಮಾರಿ ನೋಡಿ ಟೈರ್ ಬಾಜೂಕ ಇಟ್ಟ. ಡ್ರಿಲ್ ಮಾಸ್ತರ್ ಅಗಲ ಟೈರ್ ಹಾಕಸ್ರಿ, ರಸ್ತಿ ಗಟ್ಟಿ ಹಿಡೀತದ ಅಂತ ಹೇಳಿ ಕಳಸಿದ್ದ. ಅಂಗಡಿಯಾಂವನೂ ಗಡ್ಡಿಯಂಗ ಉಬ್ಬಿದ ಕಚ್ಚಿನ ಅಗಲ ಟೈರೊಂದು ಮುಂದ ಉರುಳಿಸಿದ, ನೋಡಾಕ ಹುಲಿಯಂಗ ಇತ್ತು. ನಾ ಬ್ಯಾಡ ಅಂದೆ. ಅಗಲ ಟೈರನ್ನ ನನ್ನ ಸಪೂರ ರಿಮ್ಮಿಗೆ ಏರಿಸಿದ್ರ ಅದು ಹಿಚಿಕಿ ಗುಂಡಗ ಆಗತದ, ಚೈನಿನ ಡಬ್ಬಿಗೂ ತಿಕ್ಕತದ. ಗಡ್ಡಿ ಕಚ್ಚು ಹೊಲದ ದಾರಿಗೆ ಸರಿ, ನನ್ನದು ಡಾಂಬರು ರಸ್ತಿ. ಹಳೇ ಟೈರಿನ ಪಕ್ಕಡಿ ಮ್ಯಾಲ ಏನು ಅಳತಿ ಅದನೋ ಅದೇ ಅಳತಿದು, ನೀರು ಹೋಗಾಕ ಉದ್ದಕ ಗೆರಿ ಇರೋದು ಕೊಡ್ರಿ ಅಂದೆ. ಕೊಟ್ಟದ್ದರ ಮ್ಯಾಲ ನಾಕು ಅಂಕಿ ಹುಡುಕಿದೆ. ಮೊದಲಿನ ಎರಡು ಯಾವ ವಾರ, ಕಡೀ ಎರಡು ಯಾವ ವರ್ಷ ಮಾಡಿದ್ದು ಅಂತ ಹೇಳತಾವ. ಮೂರು ವರ್ಷದ ಹಿಂದಿನ ಮಾಲು. ಹೊಳಿಸಿ ಇಟ್ಟರೂ ರಬ್ಬರು ಮುದಿ ಆಗತದ, ಹೊಸದು ತಗೀರಿ ಅಂದೆ. ಆತ ಅಟ್ಟಕ್ಕೇರಿ ಇಳಿಸಿಕೊಟ್ಟ. ಪಕ್ಕಡಿ ಮ್ಯಾಲಿನ ಬಾಣದ ಗುರ್ತು ಗಾಲಿ ತಿರುಗೋ ಕಡೇನೇ ಬರೋಹಂಗ ನಿಂತು ಹಾಕಿಸಿದೆ, ಹೊಸ ಟ್ಯೂಬನ್ನೂ ಹಾಕಿಸಿದೆ. ಅಂಗಡಿಯಾಂವ ಗಾಲಿ ಕೆಳಗ ಇಡ್ರಿ ಅಂತ ಒಂದು ನಿಂಬಿಹಣ್ಣು ಕೊಟ್ಟ. ನಮ್ಮ ಮನ್ಯಾಗ ಅಪ್ಪ ಇದ್ದಾಗಿಂದ ಅದೆಲ್ಲಾ ಬಿಟ್ಟೀವಿ, ಸಂಜಿಗೆ ಬುದ್ಧ ವಂದನಾ ಅಷ್ಟೇ. ನಿಂಬಿಹಣ್ಣು ಶರಬತ್ತಿಗೆ ಆತದ ಅಂತ ಚೀಲಕ್ಕ ಹಾಕಿಕೊಂಡೆ.

ಹೊಸ ಟೈರ್ ಬಂದ ಮ್ಯಾಲೂ ಅವ್ವ ಬಸ್ಸಿಗೇ ಹೋದ್ಳು. ನಾ ಜಗ್ಗಲಿಲ್ಲ. ಶಾಲ್ಯಾಗ ದಿನಾ ಮಧ್ಯಾಹ್ನ ಗೇಜ್ ಹಚ್ಚೋದು, ಇಪ್ಪತ್ತೆಂಟಕ್ಕ ತರೋದು, ಬರಿಯೋದು ಮುಂದುವರೀತು. ಹೊಸ ಟೈರ್ ಹಾಕಿಸಿದ ಎರಡನೇ ಶನಿವಾರ ಮುಂಜಾನಿ ಅವ್ವ ಚಪ್ಪಲಿ ಮೆಟ್ಟಿಕೊಳ್ಳೋವಾಗ ಆಕಿನ್ನ ಬಾಗಲದಾಗ ತಡದು ನಿಲ್ಲಿಸಿದೆ. ನೋಟ್‌ಬುಕ್ ತಗದು ತೋರಿಸಿದೆ. ನಿನ್ನಿ ಇಪ್ಪತ್ತೆಂಟು ಇಟ್ಟೀನಿ, ಈಗ ನಿನ್ನ ಕಣ್ಣ ಮುಂದೇ ಹಚ್ಚತೀನಿ, ಒಂದು ಕೂದಲೆಳಿ ಆ ಕಡೆ ಈ ಕಡೆ ಆಗಿದ್ರ ಕೇಳು ಅಂತ ಶಪಥಾ ಮಾಡಿ ಗೇಜ್ ಹಚ್ಚಿದೆ. ಗೇಜ್ ಇಪ್ಪತ್ಮೂರು ತೋರಿಸಿತು. ಅವ್ವ ಬಗ್ಗಿ ನೋಡಿದ್ಳು. ಬ್ಯಾಳಿ ಮಿಲ್ಲಿನಾಗ ತೂಕದ ಅಂಕಿ ನೋಡಿ ನೋಡಿ ಪಳಗಿದಾಕಿ, ಓದಾಕ ಬರದಿದ್ರೂ ಅಂಕಿ ಗೊತ್ತು. ಇನ್ನೊಂದು ಚಪ್ಪಲಿ ಮೆಟ್ಟಿ ಬಸ್ಸಿಗೆ ನಡದ್ಳು.

ಹೊಸ ಟ್ಯೂಬೂ ಸೋರತದ ಅಂತ ನಾ ಕೆಂಡಾ ಆಗಿ ಸೋಮವಾರ ದೊಡ್ಡ ಅಂಗಡಿಗೆ ಹೋದೆ. ಅವರು ನನ್ನೆದುರೇ ಟ್ಯೂಬ್ ನೀರಾಗ ಮುಳುಗಿಸಿದ್ರು. ಒಂದು ಗುಳ್ಳಿ ಏಳಲಿಲ್ಲ. ಪರೀಕ್ಷಾ ಮಾಡೇ ನೋಡೋಣ ಅಂತ ಅವತ್ತು ಅದೇ ಇಪ್ಪತ್ಮೂರಕ್ಕ ಹವಾ ಹಾಕಿಸಿ ಶಾಲಿಗೆ ಹೋದೆ, ಮಧ್ಯಾಹ್ನ ನೋಡಿದ್ರ ಇಪ್ಪತ್ತೆಂಟು. ಯಾರೂ ಹವಾ ಹಾಕಿಲ್ಲ, ಬಿಟ್ಟಿಲ್ಲ. ನಾ ಅಂಗಳದಾಗ ಬಿಸಲಾಗೇ ಕೂತುಬಿಟ್ಟೆ. ತಲ್ಯಾಗ ಏನೋ ಹೊಳದಿತ್ತು, ಆದ್ರ ಅದನ್ನ ಒಪ್ಪಾಕ ಮನಸ್ಸು ತಯಾರಿರಲಿಲ್ಲ. ಮೂರು ದಿನಾ ಒಂದು ಚೂರೂ ಹವಾ ಬಿಡದ ಬರೇ ಬರದೆ. ಮುಂಜಾನಿ ಮನಿ ಅಂಗಳದಾಗ ಇಪ್ಪತ್ಮೂರು, ಶಾಲಿ ಮುಟ್ಟಿದಾಗ ಇಪ್ಪತ್ತಾರು, ಮಧ್ಯಾಹ್ನ ಇಪ್ಪತ್ತೆಂಟು. ಮರುದಿನ ಮುಂಜಾನಿ ಮತ್ತ ಇಪ್ಪತ್ಮೂರು. ಮೂರೂ ದಿನಾ ಹಂಗೇ.

ಮೂರನೇ ದಿನ ಒಂದು ತಂಬಗಿ ನೀರು ತಗೊಂಡು ಚೈನಿನ ಡಬ್ಬಿ ಮ್ಯಾಲಿನ ಚೀಟಿ ತಿಕ್ಕಿ ತೊಳದೆ, ಜಾಳಿಗಿ ಹಿಂದ ಬಟ್ಟಿ ಹಾಕಿ ಒರಸಿ, ಮೊಬೈಲಿನ ಬೆಳಕು ಹಿಡದು ಕೆಳಗಿನ ಅರ್ಧ ಓದಿದೆ. ಒಬ್ಬರು ಕೂತ್ರ ಹಿಂದ ಇಪ್ಪತ್ತೆಂಟು, ಇಬ್ಬರು ಕೂತ್ರ ನಲವತ್ತು. ಅದರ ಕೆಳಗ ಇರುವಿಯಂಥಾ ಅಕ್ಷರದಾಗ, ಗಾಲಿ ತಣ್ಣಗಿದ್ದಾಗ ನೋಡಬೇಕು. ಬಿಸಿಗೆ ಎಷ್ಟು ಉಬ್ಬತದ ಅನ್ನೋದನ್ನ ಮಾಡಿದವರು ಮೊದಲೇ ಲೆಕ್ಕಾ ಹಾಕಿಟ್ಟಿದ್ರು. ನಾ ಉಬ್ಬಿದ್ದನ್ನ ದಿನಾ ಕತ್ತರಿಸಿಕೋತ ಬಂದಿದ್ದೆ. ಹವಾ ಕಮ್ಮಿ ಆದ ಟೈರು ನೆಲಕ್ಕ ಬಾಗಿ ಬಾಗಿ ಇನ್ನೂ ಜಾಸ್ತಿ ಕಾಯ್ತದ, ಅಂಚು ಸವೀತದ, ರಿಮ್ಮಿನ ಮ್ಯಾಲ ಜಾರತದ. ಚಾಚಾ ಶನಿವಾರ ಅವ್ವನ್ನ ನೋಡಿ ಹಾಕತಿದ್ದ ಹವಾ ನಲವತ್ತರ ಹವಾ. ಅದನ್ನ ಪ್ರತಿ ಶನಿವಾರ ನನ್ನ ಕೈಯಾರೆ ಬಿಟ್ಟು, ಅದರ ಮ್ಯಾಲ ಅವ್ವನ್ನ ಕೂಡಿಸಿಕೊಂಡು ಬರ್ತಿದ್ದೆ. ಅವ್ವನ ಕೈ ಮುರದಾಕಿ ನಾನು.

ಅವತ್ತು ಸಂಜಿ ಅವ್ವ ಮೊರದಾಗ ತೊಗರಿಬ್ಯಾಳಿ ಹರವಿಕೊಂಡು ಒಂದೇ ಕೈಲೆ ಆರಿಸಾಕತ್ತಿದ್ಳು. ಇಪ್ಪತ್ತೈದು ವರ್ಷ ನೆಹರು ಗಂಜ್ ಬಾಜಾರಿನ ದಾಲ್ ಮಿಲ್ಲಿನಾಗ ಬ್ಯಾಳಿ ಹಸನ ಮಾಡಿದ ಕೈ, ಪ್ಲಾಸ್ಟರ್ ಇದ್ರೂ ಸುಮ್ಮ ಕೂಡೂದಿಲ್ಲ. ನಾ ಆಕಿ ಮುಂದ ಕೂತು ಎಲ್ಲಾ ಹೇಳಿದೆ, ನೋಟ್‌ಬುಕ್ ತೋರಿಸಿದೆ, ಚೀಟಿ ಮಾತು ಹೇಳಿದೆ. ಹೇಳಕೋತ ಹೇಳಕೋತ ಅಳು ಬಂತು, ಅತ್ತೆ. ಇನ್ನ ಮ್ಯಾಲ ಹಂಗ ಆಗೂದಿಲ್ಲ, ಹೆದರಬ್ಯಾಡ, ಗಾಡಿ ಮ್ಯಾಲ ಬಾ ಅಂದೆ. ಅವ್ವ ಬ್ಯಾಳಿಯಿಂದ ಕೈ ತಗೀಲಿಲ್ಲ.

“ನಾ ಹೆದರೀನಿ ಅಂತ ಯಾರು ಹೇಳ್ಯಾರ ನಿನಗ?” ಅಂದ್ಳು. “ಆ ಮನಷ್ಯಾಗ ನೀ ಮಂದಿ ಮುಂದ ಒದರಿದ್ದು ಆಟೋದಾಗ ಕೂತು ಕೇಳೀನಿ. ಅವತ್ತಿಂದ ನಿನ್ನ ಹಿಂದ ಕೂಡಾಕ ನನಗ ನಾಚಿಕಿ ಬರಾಕತ್ತದ.”

ನನ್ನ ಅಳು ನಿಂತು ಹೋತು. ಅವ್ವ ತನ್ನ ಮಿಲ್ಲಿನ ಸುದ್ದಿ ಹೇಳಿದ್ಳು, ನಾ ಹುಟ್ಟಾಕ ಮೊದಲಿನ ಸುದ್ದಿ, ಅಲ್ಲೀತನಕ ನನಗ ಹೇಳಿರಲಿಲ್ಲ. ಒಂದು ಸಲ ಒಬ್ಬ ವ್ಯಾಪಾರಿ ಚೀಲದಾಗ ಕಲ್ಲು ಹಳ್ಳು ಬಂದಾವ ಅಂತ ಮಾಲು ಹೊಳ್ಳಿ ಕಳಿಸಿದ್ನಂತ. ಮುನೀಮ ಬಂದು ನಲವತ್ತು ಹೆಣ್ಮಕ್ಕಳ ಮುಂದ ಅವ್ವನ್ನ ನಿಲ್ಲಿಸಿ, ಕಣ್ಣು ಕುಡ್ಡೇನು, ಜಾತಿ ಬುದ್ಧಿ ಎಲ್ಲಿ ಹೋಗತದ ಅಂತ ಅಂದ್ನಂತ. ಮೂರು ದಿನದ ಮ್ಯಾಲ ಆ ಚೀಲ ಬ್ಯಾರೆ ಮಿಲ್ಲಿಂದು ಅಂತ ಗೊತ್ತಾತು. ಮುನೀಮ ಅವ್ವನ್ನ ಗೋದಾಮಿನ ಹಿಂದ ಕರದು, ಮನಸ್ಸಿಗೆ ಹಚ್ಕೋಬ್ಯಾಡ ಅಂತ ಒಂದು ಕಪ್ಪು ಚಾ ಕೊಟ್ಟ.

“ಬೈದದ್ದು ಮಂದಿ ಮುಂದ, ಚಾ ಕುಡಿಸಿದ್ದು ಮೂಲ್ಯಾಗ,” ಅಂದ್ಳು ಅವ್ವ. “ಆ ಚಾ ನಾ ಮಿಲ್ಲು ಬಿಡೋತನಕ ಗಂಟಲದಾಗ ಇತ್ತು. ನೀ ಎಲ್ಲಿ ಒದರಿದಿ, ಅಲ್ಲೇ ಹೋಗಿ ಕೇಳು. ಎಷ್ಟು ದೊಡ್ಡ ದನೀಲೆ ಒದರಿದಿ, ಅಷ್ಟೇ ದೊಡ್ಡ ದನೀಲೆ ಕೇಳು.”

ಖರೆ ಹೇಳ್ತೀನಿ, ನನ್ನ ಮನಸ್ಸಿನಾಗ ಇದ್ದದ್ದು ಬ್ಯಾರೆ. ಕಮಲಾಪುರದಿಂದ ಒಂದು ಗೊನಿ ಕೆಂಪು ಬಾಳಿಹಣ್ಣು ತಂದು, ಮುಂಜಾನಿ ಯಾರೂ ಇಲ್ಲದಾಗ ಚಾಚಾನ ಕೈಗೆ ಕೊಟ್ಟು, ಮಾಫ್ ಮಾಡ್ರಿ ಅಂತ ಎರಡು ಮಾತು ಅಂದು ಬಂದ್ರ ಆತು ಅಂದುಕೊಂಡಿದ್ದೆ. ಅವ್ವ ಹೇಳಿದ್ದು ಕೇಳಿ ರಾತ್ರಿ ಊಟ ಸೇರಲಿಲ್ಲ. ಮರುದಿನ ಶಾಲಿಗೆ ಹೋಗಿ ಮೊದಲು ಸ್ಟಾಫ್ ರೂಮಿನಾಗ ಎದ್ದು ನಿಂತು, ನಾ ನಿಮಗೆಲ್ಲಾ ಕಲಿಸಿದ್ದು ತಪ್ಪು, ಹವಾ ಮುಂಜಾನಿ ತಣ್ಣಗಿದ್ದಾಗ ನೋಡ್ರಿ, ಬಿಸಲಿಗಂತ ಬಿಡಬ್ಯಾಡ್ರಿ ಅಂದೆ. ಡ್ರಿಲ್ ಮಾಸ್ತರ್ ನಕ್ಕು, ಸೈನ್ಸ್ ಮೇಡಮ್ ಫೇಲ್ ಆದ್ರು ಅಂದ. ಆಗೀನಿ, ನೀವು ಆಗಬ್ಯಾಡ್ರಿ ಅಂದೆ. ಅದು ಸಣ್ಣ ಪರೀಕ್ಷಾ, ದೊಡ್ಡದು ಇನ್ನೂ ಇತ್ತು.

ಅವ್ವನ ಪ್ಲಾಸ್ಟರ್ ತಗಸೋತನಕ ತಡದೆ ಅಂದ್ರ ಅದು ನನ್ನ ಪುಕ್ಕಲತನ, ಬ್ಯಾರೆ ಏನಲ್ಲ. ತಗಸಿದ ಮರುದಿನ ಸಂಜಿ, ಆವತ್ತು ಒದರಿದ ಹೊತ್ತಿಗೇ, ಪಡಸಾಲಿಯಿಂದ ಗಾಡಿ ಹೊರಗ ತಗದೆ. ಮುಂಜಾನಿಂದ ಓಡಿಸಿರಲಿಲ್ಲ, ನೆರಳಾಗ ನಿಂತು ಗಾಲಿ ತಣ್ಣಗಿತ್ತು. ಓಡಿಸಿದ್ರ ಬಿಸಿ ಆಗತದ ಅಂತ ಚಾಲೂ ಮಾಡಲಿಲ್ಲ, ದೂಡಿಕೊಂಡೇ ಹೊಂಟೆ. ಅವ್ವ ನಾನೂ ಬರ್ತೀನಿ ಅಂತ ಚಪ್ಪಲಿ ಮೆಟ್ಟಿದ್ಳು. ಯಾಕ ಅಂತ ನಾ ಕೇಳಲಿಲ್ಲ. ಒದರಿದ್ದು ಕೇಳಿದಾಕಿ, ಇದನ್ನೂ ಕೇಳಬೇಕಲ್ಲ.

ಅರ್ಧ ತಾಸಿನ ದಾರಿ. ಗಾಡಿ ದೂಡಿ ದೂಡಿ ರಟ್ಟಿ ಬಿದ್ದು ಹೋದವು, ಬೆನ್ನಿಗೆ ಬೆವರು ಹರದು ರವಕಿ ಅಂಟಿತ್ತು. ಹಾದಿ ತುಂಬಾ ಮಂದಿ, ಪಂಚರ್ ಆಗ್ಯದೇನ್ರಿ, ಪೆಟ್ರೋಲ್ ತೀರ್‍ಯದೇನ್ರಿ ಅಂತ ಕೇಳವರು. ಇಲ್ಲ ಅಂದ್ರ ತಲಿ ಕೆಟ್ಟದೇನೋ ಅನ್ನೋಹಂಗ ನೋಡವರು. ಅವ್ವ ಒಂದು ಕೈ ಸೀಟಿನ ಮ್ಯಾಲ ಇಟ್ಟು ಬಾಜೂಕ ನಡದಿದ್ಳು. ನಡುವ ನಿಂತು ನೀರು ಕುಡದ್ವಿ. ಹೊಳ್ಳಿ ಹೋಗಿಬಿಡಲೇನು ಅಂತ ಒಂದು ಸರ್ತಿ ಮನಸ್ಸಾತು. ಅವ್ವ ಬಾಟಲಿ ಮುಚ್ಚಿ ಮುಂದ ನಡದ್ಳು, ನಾನೂ ದೂಡಿದೆ.

ಹೋಟೆಲ್ ತುಂಬಿತ್ತು. ಚಾಚಾ ಒಂದು ಸೈಕಲ್ಲಿನ ಟ್ಯೂಬ್ ನೀರಾಗ ಹಿಡದು ಕೂತಿದ್ದ. ನಮ್ಮನ್ನ ನೋಡಿ ಎದ್ದು ನಿಂತ, ಮತ್ತ ಏನು ಕಾದದೋ ಅನ್ನೋಹಂಗ ಕೈ ಒರಸಿಕೋಳಾಕ ಶುರು ಮಾಡಿದ. ನಾ ಗಾಡಿ ಸ್ಟ್ಯಾಂಡ್ ಹಾಕಿದೆ. ಎಲ್ಲಿ ನಿಂತು ಒದರಿದ್ದೆನೋ ಅಲ್ಲೇ, ಹೋಟೆಲಿನ ಕಡೆ ಮಾರಿ ಮಾಡಿ ನಿಂತು, ಕ್ಲಾಸಿನಾಗ ಕಡೀ ಬೆಂಚಿಗೆ ಕೇಳೋಹಂಗ ಮಾತಾಡತೀನಲ್ಲ, ಆ ದನೀಲೆ ಶುರು ಮಾಡಿದೆ.

“ಚಾಚಾ, ಅವತ್ತು ಇಲ್ಲಿ ನಿಂತು ನಿಮ್ಮ ಮರ್ಯಾದಿ ತಗದೆ. ತಪ್ಪು ನಿಮ್ಮದಲ್ಲ, ನಂದು. ನೀವು ಬರೋಬ್ಬರಿ ಹವಾ ಹಾಕಿದ್ರಿ, ನಾ ಶಾಲ್ಯಾಗ ಅದನ್ನ ಬಿಟ್ಟೆ. ನಮ್ಮವ್ವನ ಕೈ ಮುರದದ್ದು ನನ್ನಿಂದ. ಇಲ್ಲಿ ಇರೋರೆಲ್ಲಾ ಕೇಳ್ರಿ. ನನ್ನ ಮಾಫ್ ಮಾಡ್ರಿ.”

ಕೊನೀ ಮಾತಿಗೆ ದನಿ ಒಡೀತು, ಆದ್ರ ಸಣ್ಣದಾಗಲಿಲ್ಲ. ಹೋಟೆಲಿನಾಗ ಚಾ ಸೋಸೋದು ನಿಂತಿತ್ತು. ಚಾಚಾ ಎರಡೂ ಕೈ ಮುಂದ ಮಾಡಿ, ಬಸ್, ಬಾಯಿ, ಸಾಕು ಮಾಡ್ರಿ, ನೀವು ಮಾಸ್ತರ್ ಮಂದಿ, ಹಿಂಗೆಲ್ಲಾ ಅನ್ನಬಾರದು ಅಂದ. ಕಣ್ಣು ಒರಸಿಕೊಂಡ್ರ ಮಂದಿಗೆ ಕಾಣತದ ಅಂತಿರಬೇಕು, ಸುಮ್ಮ ಬಗ್ಗಿ ಹವಾ ಮಶೀನಿನ ಗುಂಡಿ ಒತ್ತಿದ. ಮಶೀನ್ ಗಡಗಡ ಅನ್ನಾಕತ್ತಿತು. ನಾ ಚೀಲದಿಂದ ನನ್ನ ಗೇಜ್ ತಗದು ಆತನ ಕೈಗೆ ಕೊಟ್ಟೆ, ಇದು ಇನ್ನ ಮ್ಯಾಲ ನಿಮ್ಮ ಅಂಗಡ್ಯಾಗೇ ಇರಲಿ ಅಂದೆ. ಆತ ಅದನ್ನ ತಿರುವಿ ನೋಡಿ ಜೇಬಿನಾಗ ಇಟ್ಟ, ಹಿಂದಿನ ಗಾಲಿ ಮುಂದ ಕುಕ್ಕರಗಾಲಲೆ ಕೂತು ಹೆಬ್ಬಟ್ಟಿನಿಂದ ಒತ್ತಿದ. ಎಷ್ಟು ಹಾಕಲಿ ಬಾಯಿ ಅಂತ ನನ್ನ ಕೇಳಿದ. ಅವ್ವನ ಕಡೆ ನೋಡಾಕ ಆತಗ ಧೈರ್ಯ ಆಗಲಿಲ್ಲ.

ನನಗೂ ಆಗಲಿಲ್ಲ. ಬಂದದ್ದು ಮಾಫಿ ಕೇಳಾಕ, ಅದರಾಚಿಗೆ ಅವ್ವನ್ನ ಗಾಡಿ ಮ್ಯಾಲ ಬಾ ಅನ್ನೋ ಹಕ್ಕು ನನಗಿಲ್ಲ ಅಂತ ಅನಿಸಿತ್ತು. ಇಪ್ಪತ್ತೆಂಟು ಹಾಕ್ರಿ ಅನ್ನಾಕ ಬಾಯಿ ತೆಗದೆ. ಅಷ್ಟರಾಗ ಅವ್ವ ಹಿಂದಿನಿಂದ ಮುಂದ ಬಂದು, ಚಾಚಾ ನೋಡೋಹಂಗ ಗಾಲಿ ಬಾಜೂಕ ನಿಂತ್ಳು. ಹಳೇ ಶನಿವಾರದಾಗ ನಿಲ್ಲತಿದ್ದ ಜಾಗಾನೇ ಅದು.

“ಇಬ್ಬರದು ಹಾಕ್ರಿ, ಭಾಯಿ,” ಅಂದ್ಳು.